ಮೆಸ್ ಹಚ್ಚುವುದು

ನಮ್ಮ ಕಡೆ ಇಬ್ಬರು ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾದರೆ ಮಳೆ, ಬೆಳೆ, ಮಕ್ಕಳು ಎಂಬ ಮೂರು ಮಾತು ಮುಗಿಯುವುದರೊಳಗೆ ಊಟದ ವಿಚಾರ ಬಂದೇ ಬರುತ್ತದೆ. "ಹುಡುಗ ಸಿಂಧನೂರಾಗ ಓದಾಕ ಅದಾನಲ್ರೀ, ಊಟಕ್ಕ ಏನ್ ಮಾಡ್ಕೊಂಡಾನ?" ಎಂದು ಒಬ್ಬಾಕೆ ಕೇಳಿದರೆ ಇನ್ನೊಬ್ಬಾಕೆ ಹೇಳುತ್ತಾಳೆ: "ಮೆಸ್ ಹಚ್ಯಾನ್ರೀ." ಅಷ್ಟು ಹೇಳಿದರೆ ಸಾಕು. ತಿಂಗಳ ಲೆಕ್ಕ ಮಾಡಿಕೊಂಡಿದ್ದಾನೆ, ಎರಡು ಹೊತ್ತು ಊಟ ಸಿಗುತ್ತದೆ, ಹೊಟ್ಟೆಗೆ ಮೋಸವಿಲ್ಲ ಎಂಬುದೆಲ್ಲ ಅದರಲ್ಲಿ ಬಂದುಬಿಡುತ್ತದೆ.

ಈ 'ಹಚ್ಚು' ಎಂಬ ಕ್ರಿಯಾಪದವನ್ನು ಗಮನಿಸಿ. ನಾವು ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಗದ್ದೆಯಲ್ಲಿ ಸಸಿ ಹಚ್ಚುತ್ತೇವೆ, ಮಗುವನ್ನು ಸಾಲಿಗೆ ಹಚ್ಚುತ್ತೇವೆ. ಹೀಗೆ ಹಚ್ಚಿದ್ದೆಲ್ಲ ಹತ್ತಿಕೊಳ್ಳಬೇಕು, ಬೇರು ಬಿಡಬೇಕು ಎಂಬ ಆಸೆ ಆ ಕ್ರಿಯಾಪದದಲ್ಲಿಯೇ ಇದೆ. ಹೋಟೆಲಿಗೆ ಹೋಗುತ್ತೇವೆ, ಬರುತ್ತೇವೆ. ಹೋಟೆಲನ್ನು ಯಾರೂ ಹಚ್ಚುವುದಿಲ್ಲ. ಮೆಸ್ಸನ್ನು ಮಾತ್ರ ಹಚ್ಚುತ್ತಾರೆ. ಎಲ್ಲಿಂದಲೋ ಬಂದ ಪರದೇಶಿ ಶಬ್ದಕ್ಕೆ ನಮ್ಮ ಕಡೆಯವರು ಇಂಥ ಒಂದು ಮನೆಯ ಕ್ರಿಯಾಪದವನ್ನು ಜೋಡಿಸಿ ಒಳಗೆ ಕರೆದುಕೊಂಡಿದ್ದಾರೆ. ಆ ಶಬ್ದ ಹುಟ್ಟಿದ್ದೆಲ್ಲಿ, ಯಾವ ದಾರಿ ಹಿಡಿದು ನಮ್ಮ ರಾಯಚೂರು ಸೀಮೆಗೆ ಬಂತು, ಬಂದ ಮೇಲೆ ಯಾರ ಹೊಟ್ಟೆ ತುಂಬಿಸಿತು, ಯಾರ ಕೈ ಸವೆಸಿತು ಎಂದು ನಾನು ಹುಡುಕುತ್ತ ಹೋದಾಗ ಸಿಕ್ಕ ಸಂಗತಿಗಳನ್ನು ಇಲ್ಲಿ ಹೇಳಬೇಕೆನಿಸಿದೆ.

ಮೊದಲು ನಮ್ಮಲ್ಲಿ ಆ ಶಬ್ದಕ್ಕೆ ಇರುವ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರೂ ಊರುಗಳು ಒಂದೇ ರಸ್ತೆಯ ಮೇಲೆ ಒಂದರ ಹಿಂದೊಂದು ಇವೆ. ಈ ರಸ್ತೆಗುಂಟ ಮನೆಯ ಹೊರಗೆ ಉಣ್ಣುವ ಜಾಗಕ್ಕೆ ಮುಖ್ಯವಾಗಿ ಮೂರು ಹೆಸರುಗಳಿವೆ. ಹೋಟೆಲ್ ಎಂದರೆ ಚಹಾ, ಮಿರ್ಚಿ, ಒಗ್ಗರಣಿ, ಇಡ್ಲಿ, ತಿಂದಷ್ಟಕ್ಕೆ ದುಡ್ಡು. ಖಾನಾವಳಿ ಎಂದರೆ ಜೋಳದ ರೊಟ್ಟಿ, ಎಣ್ಣಿಗಾಯಿ, ಕಾಳಿನ ಪಲ್ಯ, ಹಿಂಡಿ; ಈ ಶಬ್ದ ಮರಾಠಿಯ ಖಾಣಾವಳದಿಂದ ಬಂದದ್ದು. ಮೆಸ್ ಎಂದರೆ ಅನ್ನದ ಊಟ, ತಿಂಗಳ ಲೆಕ್ಕ, ಹೊತ್ತಿಗೆ ಸರಿಯಾಗಿ ಬರುವ ಅವೇ ಮುಖಗಳು. ಗೆರೆ ಹೊಡೆದು ಬೇರೆ ಮಾಡಲಾಗದು, ಮೆಸ್ಸಿನಲ್ಲಿ ರೊಟ್ಟಿಯೂ ಇರುತ್ತದೆ, ಖಾನಾವಳಿಯಲ್ಲಿ ಅನ್ನವೂ ಇರುತ್ತದೆ. ಆದರೂ ಹೋಟೆಲಿನಲ್ಲಿ ನೀವು ಗಿರಾಕಿ; ಮೆಸ್ಸಿನಲ್ಲಿ ನೀವು ಬರದಿದ್ದರೆ "ಯಾಕ ಬರ್ಲಿಲ್ಲ?" ಎಂದು ಕೇಳುವವರಿರುತ್ತಾರೆ.

ಇಂಗ್ಲಿಷ್ ಕಲಿತ ನಮ್ಮ ಹುಡುಗಿಯರು ಈ ಶಬ್ದ ಕೇಳಿ ನಗುವುದುಂಟು. ಇಂಗ್ಲಿಷಿನಲ್ಲಿ ಮೆಸ್ ಎಂದರೆ ಗಲೀಜು, ಅಸ್ತವ್ಯಸ್ತ, ಗೊಂದಲ. "ಅಲ್ಲಿ ಊಟ ಮಾಡ್ತೀರೇನ್ರೀ?" ಎಂದು ಚೇಷ್ಟೆ ಮಾಡುತ್ತಾರೆ. ಆದರೆ ಆ ಕೆಟ್ಟ ಅರ್ಥ ತೀರ ಇತ್ತೀಚಿನದು. ಶಬ್ದ ಹುಟ್ಟಿದಾಗ ಅದಕ್ಕೆ ಊಟವೆಂಬ ಅರ್ಥವೊಂದೇ ಇತ್ತು.

ಲ್ಯಾಟಿನ್ ಭಾಷೆಯಲ್ಲಿ 'ಮಿತ್ತೆರೆ' ಎಂದರೆ ಕಳುಹಿಸು. ಅದರಿಂದ ಬಂದ 'ಮಿಸ್ಸುಸ್' ಎಂದರೆ ಕಳುಹಿಸಿದ್ದು. ದೊಡ್ಡ ಮನೆಗಳ ಊಟದಲ್ಲಿ ಅಡಿಗೆಮನೆಯಿಂದ ಸರದಿಯಂತೆ ಹೊರಗೆ ಬರುವ ಒಂದೊಂದು ಬಡಿಸುವಿಕೆಗೂ ಆ ಹೆಸರು ಬಂತು. ಒಳಗಿನಿಂದ ಕಳುಹಿಸಿದ್ದು ಎಂದೇ ಅರ್ಥ. ಅದು ಹಳೆಯ ಫ್ರೆಂಚಿನಲ್ಲಿ 'ಮೆಸ್' ಆಯಿತು. ಒಂದು ಪಾಲು ಊಟ, ಒಂದು ಬಗೆಯ ಅಡಿಗೆ ಎಂದು ಅರ್ಥ. ಇಂದಿಗೂ ಫ್ರಾನ್ಸಿನಲ್ಲಿ ಅಡಿಗೆಯ ಬಗೆಗೆ 'ಮೆ' ಎನ್ನುತ್ತಾರೆ. ಬರೆಯುವಾಗ ಕೊನೆಗೆ ಎರಡು ಅಕ್ಷರ ಹೆಚ್ಚಿಗೆ ಬರೆದರೂ ಅವು ಬಾಯಲ್ಲಿ ಉಚ್ಚಾರವಾಗುವುದಿಲ್ಲ. ಫ್ರೆಂಚ್ ಮಾತಾಡುವ ದೊರೆಗಳು ಇಂಗ್ಲೆಂಡನ್ನು ಆಳಿದ ಕಾಲದಲ್ಲಿ ಅಡಿಗೆಯ ಎಷ್ಟೋ ಶಬ್ದಗಳ ಜೊತೆಗೆ ಇದೂ ಇಂಗ್ಲಿಷಿಗೆ ಸೇರಿತು. ಈಗ ನಮ್ಮ ಮೊಬೈಲಿಗೆ ಬರುವ ಮೆಸೇಜು, ಊರೂರಿನಲ್ಲಿ ಆಸ್ಪತ್ರೆ-ಶಾಲೆ ಕಟ್ಟಿದ ಮಿಷನ್ನು, ಇವೂ ಅದೇ ತಾಯಿಯ ಮಕ್ಕಳು. ಒಂದರಲ್ಲಿ ಸುದ್ದಿ ಕಳುಹಿಸಿದ್ದು, ಇನ್ನೊಂದರಲ್ಲಿ ಮನುಷ್ಯರನ್ನು ಕಳುಹಿಸಿದ್ದು, ಮೆಸ್ಸಿನಲ್ಲಿ ಅನ್ನ ಕಳುಹಿಸಿದ್ದು.

1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ಹಳೆಯ ಅರ್ಥ ಚೆನ್ನಾಗಿ ಕಾಣುತ್ತದೆ. ಅಣ್ಣಂದಿರು ಮಾರಿದ ಯೋಸೇಫನು ಐಗುಪ್ತದಲ್ಲಿ ದೊಡ್ಡ ಅಧಿಕಾರಿಯಾಗಿದ್ದಾನೆ. ಬರಗಾಲ ಬಿದ್ದು ಆ ಅಣ್ಣಂದಿರೇ ಧಾನ್ಯ ಕೇಳಿಕೊಂಡು ಬರುತ್ತಾರೆ. ಅವನ ಗುರುತು ಅವರಿಗಿಲ್ಲ. ಅವನು ಅವರಿಗೆ ಊಟ ಹಾಕಿಸುತ್ತಾನೆ. ಐಗುಪ್ತದವರು ಇಬ್ರಿಯರೊಡನೆ ಕೂತು ಉಣ್ಣುತ್ತಿರಲಿಲ್ಲವಂತೆ, ಆದ್ದರಿಂದ ಪಂಕ್ತಿಗಳೇ ಬೇರೆ ಬೇರೆ. ಯೋಸೇಫನು ತನ್ನ ಮುಂದಿನಿಂದ ಒಬ್ಬೊಬ್ಬರಿಗೂ ಪಾಲು ಕಳುಹಿಸುತ್ತಾನೆ. ಒಡಹುಟ್ಟಿದ ತಮ್ಮ ಬೆನ್ಯಾಮೀನನಿಗೆ ಮಾತ್ರ ಉಳಿದವರ ಐದು ಪಟ್ಟು. ಹಾಗೆ ಕಳುಹಿಸಿದ ಪಾಲಿಗೆ ಆ ಬೈಬಲ್ಲಿನಲ್ಲಿ ಬಳಸಿದ ಶಬ್ದವೇ ಮೆಸ್. ಬಾಯಿಬಿಟ್ಟು ಹೇಳಲಾಗದ ಪ್ರೀತಿಯನ್ನು ತಾಟಿನಲ್ಲಿ ಹೆಚ್ಚು ಬಡಿಸಿ ಹೇಳುವ ರೀತಿ ನಮ್ಮ ತಾಯಂದಿರಿಗೆ ಹೊಸದೇನಲ್ಲ. ಬೇರೆ ಪಂಕ್ತಿಯ ವಿಚಾರವೂ ನಮಗೆ ಹೊಸದಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಕಾಲ ಕಳೆದಂತೆ ಇಂಗ್ಲಿಷಿನಲ್ಲಿ ಪಾಲಿಗಿದ್ದ ಹೆಸರು ಆ ಪಾಲನ್ನು ಕೂಡಿ ಉಣ್ಣುವ ಗುಂಪಿಗೆ ಬಂತು. ಲಂಡನ್ನಿನಲ್ಲಿ ವಕೀಲಿ ಕಲಿಯುವ ಹಳೆಯ ಸಂಸ್ಥೆಗಳಲ್ಲಿ ನಾಲ್ವರು ಒಟ್ಟಿಗೆ ಕೂತು ಉಣ್ಣುವ ಗುಂಪಿಗೆ ಮೆಸ್ ಎಂಬ ಹೆಸರು. ಹಡಗಿನಲ್ಲಿ, ದಂಡಿನಲ್ಲಿ ಕೂಡಿ ಉಣ್ಣುವವರಿಗೂ ಅದೇ ಹೆಸರು ಹತ್ತಿತು. ಆಮೇಲೆ ಅವರು ಉಣ್ಣುವ ಕೋಣೆಗೆ. ಇನ್ನೊಂದು ಕವಲಿನಲ್ಲಿ, ಹದಿನೆಂಟನೆಯ ಶತಮಾನದ ಹೊತ್ತಿಗೆ, ದನ-ಹಂದಿಗಳಿಗೆ ಎಲ್ಲ ಕೂಡಿಸಿ ಕಲಸಿ ಇಡುವ ಕಲಗಚ್ಚಿಗೂ ಮೆಸ್ ಎಂದರು. ಆ ಕಲಗಚ್ಚಿನಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಗಲೀಜು, ಗೊಂದಲ ಎಂಬ ಅರ್ಥ ಬಂತು. ನಮ್ಮ ಕನ್ನಡಕ್ಕೆ ದಾಟಿದ್ದು ಕೂಡಿ ಉಣ್ಣುವ ಕವಲು ಮಾತ್ರ. ಕಲಗಚ್ಚಿನ ಕವಲು ಆಚೆಯೇ ಉಳಿಯಿತು. ನಗುವ ಹುಡುಗಿಯರಿಗೆ ನಾನು ಇಷ್ಟು ಹೇಳುವುದುಂಟು.

ಇನ್ನು ಈ ಶಬ್ದ ನಮ್ಮ ನೆಲಕ್ಕೆ ಬಂದ ದಾರಿ. ಲಿಂಗಸುಗೂರಿಗೆ ಹಿರಿಯರು ಈಗಲೂ 'ಛಾವಣಿ' ಎನ್ನುತ್ತಾರೆ. ಹಳೆಯ ಊರು ಕಸಬಾ ಲಿಂಗಸುಗೂರು, ದಂಡು ಬೀಡುಬಿಟ್ಟ ಜಾಗ ಛಾವಣಿ. ಅಲ್ಲಿದ್ದದ್ದು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ತುಕಡಿ. ಖರ್ಚು ನಿಜಾಮರದು, ಅಧಿಕಾರಿಗಳು ಇಂಗ್ಲಿಷರು. ಈ ಸೈನ್ಯದ ಬಾಕಿ ತೀರಿಸಲಾಗದೆಯೇ ನಿಜಾಮರು 1853ರಲ್ಲಿ ರಾಯಚೂರು ದೋಆಬನ್ನು ಕಂಪನಿ ಸರಕಾರದ ಕೈಗೆ ಒಪ್ಪಿಸಬೇಕಾಯಿತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೋದ ಪಡೆಗಳಲ್ಲಿ ಲಿಂಗಸುಗೂರಿನ ತುಕಡಿಯೂ ಇತ್ತು. 1860ರಲ್ಲಿ ದೋಆಬು ಮತ್ತೆ ನಿಜಾಮರಿಗೆ ಹೋಯಿತು. ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯ ಸ್ಥಳವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿದರು. ಇಂಗ್ಲಿಷ್ ಅಧಿಕಾರಿಗಳು ಬೀಡುಬಿಟ್ಟಲ್ಲಿ ಅವರು ಕೂಡಿ ಉಣ್ಣುವ ವ್ಯವಸ್ಥೆಯೂ ಇರುತ್ತಿತ್ತು, ಅದರ ಹೆಸರೇ ಮೆಸ್. ನಮ್ಮ ಸೀಮೆಯ ಕಿವಿಗೆ ಈ ಶಬ್ದ ಮೊದಲು ಬಿದ್ದದ್ದು ಛಾವಣಿಯಲ್ಲೇ ಇರಬಹುದೆಂದು ನಾನು ಎಣಿಸುತ್ತೇನೆ.

ಆದರೆ ಆ ಮೆಸ್ ಅಧಿಕಾರಿಗಳದು. ಸಿಪಾಯಿಗಳು ತಮ್ಮ ತಮ್ಮ ಒಲೆ ಹೂಡಿ, ತಮ್ಮ ತಮ್ಮ ಕೈಯಿಂದಲೇ ಬೇಯಿಸಿಕೊಂಡು, ಜಾತಿ ನೋಡಿಕೊಂಡು ಉಣ್ಣುತ್ತಿದ್ದರು. ಕೂಡಿ ಉಣ್ಣುವುದು ನಮ್ಮ ದೇಶದಲ್ಲಿ ಎಂಥ ಕಷ್ಟದ ಮಾತಾಗಿತ್ತು ಎಂಬುದಕ್ಕೆ ಉತ್ತರದ ಒಂದು ಉದಾಹರಣೆ ಇದೆ. 1840ರ ದಶಕದಲ್ಲಿ ಬಂಗಾಳ ಪ್ರಾಂತದ ಜೈಲುಗಳಲ್ಲಿ ಹೊಸ ಪದ್ಧತಿ ತಂದರು. ಅಲ್ಲಿಯವರೆಗೆ ಕೈದಿಗಳಿಗೆ ಊಟದ ದುಡ್ಡು ಕೊಡುತ್ತಿದ್ದರು. ಅವರೇ ಸಾಮಾನು ತಂದು ಬೇಯಿಸಿಕೊಳ್ಳುತ್ತಿದ್ದರು. ಹೊಸ ಪದ್ಧತಿಯಲ್ಲಿ ಒಂದು ಗುಂಪಿಗೆ ಒಬ್ಬ ಅಡಿಗೆಯವನು, ಎಲ್ಲರೂ ಅವನ ಕೈಯ ಊಟವನ್ನೇ ಉಣ್ಣಬೇಕು. ಈ ಮೆಸ್ ಪದ್ಧತಿಯ ವಿರುದ್ಧ ಬಿಹಾರದ ಜೈಲುಗಳಲ್ಲಿ ಗಲಭೆಗಳೇ ಆದವು. ಬೇಯಿಸಿದ ಕೈ ಯಾವುದು, ಪಕ್ಕದಲ್ಲಿ ಕೂತವನು ಯಾರು ಎಂಬ ಎರಡು ಪ್ರಶ್ನೆಗಳು ಜೈಲಿನ ಗೋಡೆಯ ಒಳಗೂ ಬಿಟ್ಟಿರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಗಂಟು ಮೆಲ್ಲಗೆ ಬಿಚ್ಚುತ್ತ ಬಂದದ್ದು ಓದಿನ ನೆಪದಲ್ಲಿ. ಮಠಗಳು ಪ್ರಸಾದ ನಿಲಯ ತೆರೆದವು, ಸಮಾಜದವರು ತಮ್ಮ ತಮ್ಮ ಬೋರ್ಡಿಂಗ್ ಕಟ್ಟಿದರು, ಸರಕಾರ ಹಾಸ್ಟೆಲ್ ತೆರೆಯಿತು. ಹಾಸ್ಟೆಲಿನ ಊಟದ ಮನೆಗೆ ಮೆಸ್ ಎಂಬ ಹೆಸರು ಗಟ್ಟಿಯಾಯಿತು. ಅಲ್ಲಿ ಜಾಗ ಸಿಗದ ಹುಡುಗರು ಊರಲ್ಲಿ ಖೋಲಿ ಹಿಡಿದರು. ಅವರಿಗಾಗಿ ಯಾರದೋ ಮನೆಯ ಪಡಸಾಲೆಯಲ್ಲಿ ಖಾಸಗಿ ಮೆಸ್ ಹುಟ್ಟಿತು. ಬಲ್ಲವರು ಈ ಮೆಸ್ಸುಗಳಲ್ಲಿಯೂ ಪಂಕ್ತಿಭೇದ ಪೂರಾ ಹೋಯಿತೆಂದು ಹೇಳಲಾರರು. ಹೆಸರು ಕೇಳುವ ಮೊದಲು ಅಡ್ಡಹೆಸರು ಕೇಳುವ ರೂಢಿ ಕೆಲವೆಡೆ ಬಹಳ ವರ್ಷ ಇತ್ತು. ಆದರೂ ಒಂದೇ ಪಾತ್ರೆಯಿಂದ ಬಡಿಸಿದ ಸಾರನ್ನು ನಾಲ್ಕು ಜಾತಿಯ ಹುಡುಗರು ಒಂದೇ ಸಾಲಿನಲ್ಲಿ ಕೂತು ಉಂಡದ್ದು ಎಷ್ಟೋ ಊರುಗಳಲ್ಲಿ ಮೊದಲಿಗೆ ಇಂಥಲ್ಲಿಯೇ.

ಮೆಸ್ ಬರುವ ಮೊದಲು ಹೊರಗೆ ಹೋದವರ ಊಟಕ್ಕೆ ನಮ್ಮಲ್ಲಿದ್ದ ಶಬ್ದ ಬುತ್ತಿ. ಲ್ಯಾಟಿನ್ನಿನ ಅರ್ಥ ತಿಳಿದ ದಿನದಿಂದ ನನಗೆ ಬುತ್ತಿ ಮತ್ತು ಮೆಸ್ ಎರಡೂ ಒಂದೇ ಎನಿಸಲಾರಂಭಿಸಿವೆ. ಬುತ್ತಿಯೂ ಕಳುಹಿಸಿದ್ದೇ. ಹೊಲದಲ್ಲಿ ಗಳೆ ಹೊಡೆಯುವವನಿಗೆ ಕಳುಹಿಸಿದ್ದು ಬುತ್ತಿ. ತವರಿನಿಂದ ಮಗಳ ಮನೆಗೆ ಹೋಗುವುದು ರೊಟ್ಟಿ ಬುತ್ತಿ. ಊರಿಂದ ಓದುವ ಮಗನಿಗೆ ಬಸ್ಸಿನ ಮೇಲೆ ಬರುವುದೂ ಬುತ್ತಿ. ಮಸ್ಕಿ ಸುತ್ತಲಿನ ಹಳ್ಳಿಗಳಲ್ಲಿ ಇದನ್ನು ಕಂಡವರಿಗೆ ನಾನು ಹೇಳಬೇಕಾದ್ದಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ತಾಯಿ ರೊಟ್ಟಿ ಬಡಿಯುತ್ತಾಳೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಣಪಲ್ಯ, ಕೆಂಪು ಖಾರ, ಇದ್ದರೆ ಗಟ್ಟಿ ಮೊಸರು, ಎಲ್ಲ ಕೂಡಿಸಿ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಮೊದಲ ಬಸ್ಸಿನ ಡ್ರೈವರಿನ ಹಿಂದೆ ಇಡುತ್ತಾರೆ. ಗಂಟಿನ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಕಾಯುವ ಹುಡುಗನಿಗೆ ಅರಿವೆಯ ಅಂಚು, ಗಂಟಿನ ಬಿಗುವು ನೋಡಿಯೇ ತಾಯಿಯ ಕೈ ಗೊತ್ತಾಗುತ್ತಿತ್ತು. ಸಂಜೆಯ ಬಸ್ಸಿಗೆ ಖಾಲಿ ಅರಿವೆ ತಿರುಗಿ ಬರಬೇಕು. ರೊಟ್ಟಿ ಹಾಗೆಯೇ ತಿರುಗಿ ಬಂದರೆ ಮಗನಿಗೆ ಮೈಯಲ್ಲಿ ಹುಷಾರಿಲ್ಲವೆಂದು ತಾಯಿಗೆ ತಿಳಿಯುತ್ತಿತ್ತು. ಫೋನಿಲ್ಲದ ಕಾಲದಲ್ಲಿ ಊಟವೇ ಸುದ್ದಿಯಾಗಿತ್ತು. ಮೆಸ್ಸೂ ಮೆಸೇಜೂ ಒಂದೇ ಬೇರಿನವು ಎಂಬುದು ಶಬ್ದಕೋಶ ನೋಡದ ಆ ತಾಯಿಗೆ ರೂಢಿಯಿಂದಲೇ ಗೊತ್ತಿತ್ತು.

ಕಳುಹಿಸಿದ ಸುದ್ದಿಯ ಮಾತು ಬಂದಾಗ ಮಸ್ಕಿಯ ಬಂಡೆಯನ್ನು ನೆನೆಯದಿರಲಾಗದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಬಂಗಾರ ಹುಡುಕುತ್ತ ಅಲೆಯುವಾಗ ಅಲ್ಲಿನ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರಗಳನ್ನು ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲ ಸಲ ಸಿಕ್ಕದ್ದು ಆ ಶಾಸನದಲ್ಲಿ. ಅದುವರೆಗೆ ಬಂಡೆಗಳ ಮೇಲೆ ಮಾತಾಡಿದ ದೊರೆ ಯಾರೆಂಬುದು ಊಹೆಯಾಗಿತ್ತು. ಅಶೋಕನ ಬೇರೊಂದು ಶಾಸನದಲ್ಲಿ ಅವನ ಅಡಿಗೆಮನೆಯ ಲೆಕ್ಕವೂ ಇದೆ: ಮೊದಲು ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಸಾರಿಗಾಗಿ ಕೊಲ್ಲುತ್ತಿದ್ದರು, ಈಗ ಮೂರೇ, ಎರಡು ನವಿಲು ಮತ್ತು ಒಂದು ಜಿಂಕೆ, ಮುಂದೆ ಅವೂ ಇಲ್ಲ ಎಂದು. ಎರಡು ಸಾವಿರ ವರ್ಷಗಳ ಮೇಲೂ ಆ ಅಡಿಗೆಮನೆಯಲ್ಲಿ ಏನು ಬೇಯುತ್ತಿತ್ತೆಂದು ನಮಗೆ ಗೊತ್ತು. ಬೇಯಿಸಿದವರು ಯಾರೆಂದು ಗೊತ್ತಿಲ್ಲ. ಅಡಿಗೆಯ ಇತಿಹಾಸವೆಲ್ಲ ಹೀಗೆಯೇ ಇದೆ.

ಮತ್ತೆ ನಮ್ಮ ರಸ್ತೆಗೆ ಬರೋಣ. ಮೆಸ್ ಎಂಬುದು ಸಿಂಧನೂರಿನಲ್ಲಿ ಊರಿನ ಗುರುತೇ ಆದದ್ದು ಕಾಲುವೆಯಿಂದ. ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರಲ್ಲಿ ಅಡಿಗಲ್ಲು ಹಾಕಿದರು, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಎರೆ ನೆಲಕ್ಕೆ ಮುಂದಿನ ವರ್ಷಗಳಲ್ಲಿ ಎಡದಂಡೆ ಕಾಲುವೆಯ ನೀರು ಬಂತು. ನೀರಿನ ಹಿಂದೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದರು. ಭೂಮಿ ಕೊಂಡು, ಹೊಲದಲ್ಲಿಯೇ ಮನೆ ಕಟ್ಟಿ, ಕ್ಯಾಂಪು ಕ್ಯಾಂಪಾಗಿ ನೆಲೆ ನಿಂತರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೂ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಸರಕಾರ ನೆಲೆ ಕೊಟ್ಟಿತು. ಹಬ್ಬಕ್ಕೊಮ್ಮೆ ಅನ್ನ ಕಾಣುತ್ತಿದ್ದ ಸೀಮೆ ಭತ್ತದ ಕಣಜವಾಯಿತು. ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರಿನ ಗ್ಯಾರೇಜು ಎದ್ದವು. ಅವುಗಳಲ್ಲಿ ದುಡಿಯಲು ಬಂದ ಗುಮಾಸ್ತರು, ಮೆಕ್ಯಾನಿಕ್ಕುಗಳು, ಕಂಪನಿಯವರು, ಸರಕಾರಿ ನೌಕರರು ಎಲ್ಲರಿಗೂ ಊಟ ಬೇಕು. ಹೀಗೆ ಆಂಧ್ರ ಮೆಸ್ ಬಂತು: ಬಿಸಿ ಅನ್ನ, ಪಪ್ಪು, ಆವಕಾಯಿ, ಗೋಂಗುರ ಪಚ್ಚಡಿ, ಗಟ್ಟಿ ಮೊಸರು. ಗೋಂಗುರ ಎಂದು ಹೊಸದಾಗಿ ಕಂಡದ್ದು ನಮ್ಮ ಪುಂಡಿಯೇ. ನಾವು ಅದಕ್ಕೆ ಜೋಳದ ನುಚ್ಚು ಹಾಕಿ ಪಲ್ಯ ಮಾಡುತ್ತಿದ್ದೆವು, ಅವರು ಎಣ್ಣೆಯಲ್ಲಿ ಬಾಡಿಸಿ ಚಟ್ನಿ ಮಾಡುತ್ತಿದ್ದರು. ಎರಡು ಸೀಮೆಯ ಹೆಣ್ಣುಮಕ್ಕಳು ಮೊದಲು ಮಾತಿಗಿಳಿದದ್ದು ಇಂಥ ಸೊಪ್ಪಿನ ನೆಪದಲ್ಲಿ.

ಆ ಭತ್ತದ ಸಸಿ ಹಚ್ಚಿದವರು ಯಾರು? ಕಾಲುವೆ ಮುಟ್ಟದ ಮಸ್ಕಿ, ಲಿಂಗಸುಗೂರು ಕಡೆಯ ಒಣಬೇಸಾಯದ ಹಳ್ಳಿಗಳಿಂದ ಹೆಣ್ಣುಮಕ್ಕಳು ಟೆಂಪೋಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ನಾಟಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ಸೊಂಟ ಬಗ್ಗಿಸಿ ಕೆಸರಿನಲ್ಲಿ ದಿನವಿಡೀ ಸಸಿ ಹಚ್ಚುತ್ತಾರೆ. ಮಧ್ಯಾಹ್ನ ಬದುವಿನ ಮೇಲೆ ಕೂತು ಬಿಚ್ಚುವುದು ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿ, ಹಿಂಡಿಯ ಬುತ್ತಿ. ಅವರು ಹಚ್ಚಿದ ಭತ್ತ ಅಕ್ಕಿಯಾಗಿ ಊರಿನ ಮೆಸ್ಸುಗಳಲ್ಲಿ ಬಿಸಿಯಾಗಿ ಬಡಿಸಿಕೊಳ್ಳುತ್ತದೆ. ಹಚ್ಚಿದವರು ಆ ಮೆಸ್ಸಿನ ಮೆಟ್ಟಿಲು ಹತ್ತಿದ್ದು ಕಡಿಮೆ. ಅವರಿಗೆ ಬುತ್ತಿ ಕಟ್ಟಿ ಕಳುಹಿಸುವವರೂ ಯಾರೂ ಇಲ್ಲ. ನಸುಕಿನಲ್ಲಿ ಎದ್ದು ತಮ್ಮ ಬುತ್ತಿಯನ್ನು ತಾವೇ ಕಟ್ಟಿಕೊಂಡು, ಮನೆಯವರದನ್ನು ಮುಚ್ಚಿಟ್ಟು ಬಂದಿರುತ್ತಾರೆ.

ಇಲ್ಲಿಗೆ ನನ್ನ ಮನಸ್ಸಿನಲ್ಲಿದ್ದ ಮುಖ್ಯ ಮಾತಿಗೆ ಬಂದೆ. ಈ ಶಬ್ದದ ಉದ್ದಕ್ಕೂ ಕಳುಹಿಸಿದವರು ಕಾಣದೆ, ಉಂಡವರು ಮಾತ್ರ ಕಾಣುತ್ತ ಬಂದಿದ್ದಾರೆ. ದಂಡಿನ ಮೆಸ್ಸಿನಲ್ಲಿ ಅಧಿಕಾರಿಗಳ ಹೆಸರಿದೆ. ಊರಿನ ಮೆಸ್ಸಿನ ಬೋರ್ಡಿನ ಮೇಲೆ ದೇವರ ಹೆಸರಿರುತ್ತದೆ, ಇಲ್ಲವೆ ಮಾಲೀಕನ ಹೆಸರು. ಒಳಗೆ ಹೊಗೆಯಲ್ಲಿ ಕೂತು ನೂರಾರು ರೊಟ್ಟಿ ಬಡಿಯುವವರು ಹೆಣ್ಣುಮಕ್ಕಳು. ಉಣ್ಣುವ ಕಡೆಗೂ ಹೆಣ್ಣಿಗೆ ಜಾಗವಿರಲಿಲ್ಲ. ಬಹಳ ವರ್ಷ ಒಬ್ಬ ಹೆಣ್ಣುಮಗಳು ಒಬ್ಬಳೇ ಮೆಸ್ಸಿಗೆ ಹೋಗಿ ಊಟಕ್ಕೆ ಕೂಡುವುದೆಂದರೆ ಎಲ್ಲ ಕಣ್ಣುಗಳೂ ತಾಟಿನಿಂದ ಎದ್ದು ಅವಳ ಮೇಲೆ ಬೀಳುತ್ತಿದ್ದವು. ದೊಡ್ಡ ಹೋಟೆಲುಗಳಲ್ಲಿ ಪರದೆ ಎಳೆದ ಫ್ಯಾಮಿಲಿ ರೂಮು ಇತ್ತು, ಗಂಡ-ಮಕ್ಕಳ ಜೊತೆ ಬಂದವರಿಗೆ. ಒಬ್ಬಳೇ ಬಂದವಳು ಯಾವ ಫ್ಯಾಮಿಲಿ? ಮನೆಯಲ್ಲಂತೂ ಎಲ್ಲರೂ ಉಂಡ ಮೇಲೆ ಉಳಿದದ್ದರಲ್ಲಿ ತನ್ನದನ್ನು ಮುಗಿಸುವ ರೂಢಿ. ಬಿಸಿ ಅನ್ನವನ್ನು ಇನ್ನೊಬ್ಬರು ಬಡಿಸಿ ಉಣ್ಣುವ ಭಾಗ್ಯ ಬಾಣಂತನದಲ್ಲಿ, ತವರಿನಲ್ಲಿ ಮಾತ್ರ.

ಆದರೂ ಇದೇ ಕೆಲಸ ಹೆಣ್ಣುಮಕ್ಕಳ ಕೈಗೆ ಕಾಸು ಕೊಟ್ಟದ್ದೂ ಉಂಟು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ತಮ್ಮ ಸಣ್ಣ ಖೋಲಿಗಳಲ್ಲಿಯೇ ಖಾನಾವಳಿ ನಡೆಸುತ್ತಿದ್ದ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಎಂಬ ಸಂಘದಲ್ಲಿ ಕೂಡಿಸಿದರು. ಅದುವರೆಗೆ ಸಾಹುಕಾರರ ಬಡ್ಡಿಗೆ ಸಿಕ್ಕಿದ್ದ ಆ ಹೆಂಗಸರಿಗೆ ಬ್ಯಾಂಕಿನ ಸಾಲ ಕೊಡಿಸಿದರು. ಅಡಿಗೆ ಮಾಡುವುದು ಬ್ಯಾಂಕಿನ ಕಾಗದದಲ್ಲಿ ಉದ್ಯೋಗವೆಂದು ಬರೆಸಿಕೊಳ್ಳಲು ಅಷ್ಟು ಹೋರಾಟ ಬೇಕಾಯಿತು. ನಮ್ಮ ರಾಜ್ಯದಲ್ಲಿ ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, 2002ರ ಜೂನಿನಲ್ಲಿ ಆರಂಭವಾದದ್ದು ರಾಯಚೂರು ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ. ಅಂದಿನಿಂದ ನಮ್ಮ ಹಳ್ಳಿ ಹಳ್ಳಿಯಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಅಡಿಗೆಯವರೆಂಬ ಹೆಸರಿನಲ್ಲಿ ಸರಕಾರದ ಪುಸ್ತಕದಲ್ಲಿ ಸೇರಿದರು. ಕೈಗೆ ಬರುವುದಕ್ಕೆ ಸಂಬಳ ಎನ್ನದೆ ಗೌರವಧನ ಎಂದೇ ಹೆಸರಿಟ್ಟರು. ಗೌರವ ಹೆಚ್ಚು, ಧನ ಕಡಿಮೆ ಎಂದು ಅವರೇ ನಗುತ್ತಾರೆ. ಕೆಲವು ಊರುಗಳಲ್ಲಿ ದಲಿತ ಹೆಣ್ಣುಮಗಳು ಮಾಡಿದ ಅಡಿಗೆಯನ್ನು ಮಕ್ಕಳಿಗೆ ಉಣಿಸಲು ದೊಡ್ಡವರು ತಕರಾರು ತೆಗೆದದ್ದೂ ಉಂಟು. ಬಿಹಾರದ ಜೈಲಿನ ಆ ಹಳೆಯ ಪ್ರಶ್ನೆ ಇನ್ನೂ ಸತ್ತಿಲ್ಲ.

ಸಿಂಧನೂರಿನ ಒಂದು ಹಿಂದಿನ ಓಣಿಯಲ್ಲಿ ಮನೆಯಲ್ಲಿಯೇ ಮೆಸ್ ನಡೆಸುವ ಹೆಣ್ಣುಮಗಳೊಬ್ಬಳು ನನಗೆ ಪರಿಚಯ. ಗಂಡ ತೀರಿದ ಮೇಲೆ ಮಸ್ಕಿ ಕಡೆಯ ಹಳ್ಳಿಯಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದು ಮೊದಲು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಆಮೇಲೆ ನಾಲ್ಕು ಡಬ್ಬಿ ಕಟ್ಟತೊಡಗಿದಳು, ನಾಲ್ಕು ನಲವತ್ತಾದವು. 2020ರ ಲಾಕ್‌ಡೌನಿನಲ್ಲಿ ಹುಡುಗರೆಲ್ಲ ಊರಿಗೆ ಹೋಗಿ ಒಲೆ ಆರಿದಾಗ ಸಾಲ ಮಾಡಿ ತಡೆದುಕೊಂಡಳು. ಅವಳ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ಕಿದೆ, ಉಂಡವರ ಹೆಸರಿನ ಮುಂದೆ ಗೆರೆ. ಒಮ್ಮೆ ನಾನು, "ಇಷ್ಟು ಮಂದಿಗೆ ಮಾಡಿ ಬ್ಯಾಸರ ಬರಂಗಿಲ್ಲೇನವಾ?" ಎಂದೆ. ಅವಳು ಹಿಟ್ಟಿನ ಕೈ ನಿಲ್ಲಿಸದೆ ಹೇಳಿದಳು: "ಬ್ಯಾಸರ ಎಲ್ಲಿದು ಅಕ್ಕಾರ? ಮನಿಯಾಗ ಹದಿನೈದು ವರ್ಷ ರೊಟ್ಟಿ ಬಡದೆ, ಒಬ್ಬರೂ ಎಣಿಸಲಿಲ್ಲ. ಇಲ್ಲಿ ಎಣಿಸಿ ರೊಕ್ಕ ಕೊಡ್ತಾರ."

ಈ ಮಾತು ಕೇಳಿದ ಮೇಲೆ ಮೆಸ್ ಎಂಬ ಶಬ್ದದ ಅರ್ಥ ನನಗೆ ಇನ್ನಷ್ಟು ತಿಳಿಯಿತೆನ್ನಬೇಕು. ಎಣಿಸುವುದರಿಂದ ಪ್ರೀತಿ ಕಡಿಮೆಯಾಗುತ್ತದೆಂದು ನಮಗೆ ಕಲಿಸಿದ್ದಾರೆ. ಮನೆಯ ಅಡಿಗೆಗೆ ಬೆಲೆ ಕಟ್ಟಬಾರದು, ಅನ್ನಪೂರ್ಣೆ ಎಂದು ಕೈ ಮುಗಿಯಬೇಕು ಎನ್ನುತ್ತಾರೆ. ಕೈ ಮುಗಿಸಿಕೊಂಡ ಅನ್ನಪೂರ್ಣೆ ಮಾತ್ರ ಕೊನೆಗೆ ತಣ್ಣಗಿನ ರೊಟ್ಟಿ ಉಣ್ಣುತ್ತಾಳೆ. ಆ ನೋಟ್‌ಬುಕ್ಕಿನ ಹೆಣ್ಣುಮಗಳು ಎಣಿಸುತ್ತಾಳೆ, ಹುಡುಗ ಎರಡು ಹೊತ್ತು ಬರದಿದ್ದರೆ ಫೋನೂ ಮಾಡುತ್ತಾಳೆ. ಗೆರೆ ಹಾಕಿದ್ದರಿಂದಲೇ ಅವನು ಬಂದಿಲ್ಲವೆಂದು ಅವಳಿಗೆ ತಿಳಿಯುತ್ತದೆ. ಲೆಕ್ಕವೂ ಕಾಳಜಿಯೂ ಅವಳಲ್ಲಿ ಒಂದೇ ಪುಟದಲ್ಲಿವೆ.

ಈಚೆಗೆ ಎರಡು ಬದಲಾವಣೆಗಳನ್ನು ಕಾಣುತ್ತಿದ್ದೇನೆ. ಸಂವಿಧಾನದ 371(ಜೆ) ಕಲಮಿನಿಂದ 2013ರ ನಂತರ ನಮ್ಮ ಭಾಗದ ಮಕ್ಕಳಿಗೆ ಕಾಲೇಜಿನಲ್ಲಿ, ನೌಕರಿಯಲ್ಲಿ ಜಾಗ ಮೀಸಲಾಯಿತು. ಹುಡುಗಿಯರೂ ಊರು ಬಿಟ್ಟು ಬಂದು ಖೋಲಿ ಹಿಡಿದು ಪರೀಕ್ಷೆಗಳಿಗೆ ಓದುತ್ತಿದ್ದಾರೆ. ಎರಡನೆಯದು, 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಡ್ರೈವರಿನ ಹಿಂದೆ ಒಂಟಿಯಾಗಿ ಕೂತು ಬರುತ್ತಿದ್ದ ಬುತ್ತಿಯ ಗಂಟಿನ ಜೊತೆಗೆ ಈಗ ತಾಯಿಯೇ ಬರುತ್ತಾಳೆ. ಮಗಳ ಖೋಲಿ ನೋಡುತ್ತಾಳೆ, ಅವಳು ಉಣ್ಣುವ ಮೆಸ್ಸನ್ನು ನೋಡುತ್ತಾಳೆ, ಮೆಸ್ಸಿನವಳ ಜೊತೆ ಮಾತಾಡುತ್ತಾಳೆ. ಒಮ್ಮೊಮ್ಮೆ ಅಲ್ಲಿಯೇ ಕೂತು, ಇನ್ನೊಬ್ಬ ಹೆಣ್ಣುಮಗಳು ಬಡಿಸಿದ ಬಿಸಿ ರೊಟ್ಟಿಯನ್ನು ಉಂಡು ಹೋಗುತ್ತಾಳೆ.

ಶಬ್ದಕೋಶದವರು ಮುಂದೆಂದಾದರೂ ಮೆಸ್ ಶಬ್ದಕ್ಕೆ ಅರ್ಥ ಬರೆಯುವಾಗ 'ತಿಂಗಳ ಲೆಕ್ಕದ ಊಟದ ಮನೆ' ಎಂಬುದರ ಜೊತೆಗೆ 'ಕಳುಹಿಸಿದ ಪಾಲು' ಎಂಬ ಹಳೆಯ ಅರ್ಥವನ್ನೂ ಸೇರಿಸಲಿ ಎಂದು ನನ್ನ ಆಸೆ. ಕಳುಹಿಸಿದ್ದು ಎಂದರೆ ಕಳುಹಿಸಿದವರು ಒಬ್ಬರು ಇದ್ದಾರೆ ಎಂಬುದು ಅದರಲ್ಲಿಯೇ ಬರುತ್ತದೆ. ಉದಾಹರಣೆಗೆ ಒಂದು ವಾಕ್ಯ ಬೇಕಾದರೆ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಈಗ ಕೇಳಿಬರುತ್ತಿರುವ ಮಾತನ್ನೇ ಕೊಡಬಹುದು: "ಮಗಳು ಸಿಂಧನೂರಾಗ ಮೆಸ್ ಹಚ್ಯಾಳ್ರೀ."